ವಾಸಿಯಾಗದ ಕೆಚ್ಚಲು ಬಾವು: ಹನಿಯೋ, ಲೇಪವೋ, ಸೂಜಿಯೋ?

(ಮನಗೂಳಿಯಲ್ಲಿ ನಡೆದ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ನೀಡಿದ ಉಪನ್ಯಾಸದ ಬರಹ ರೂಪ)



ಕಳೆದ ಸಲ ಇಲ್ಲಿಗೆ ಬಂದಾಗ ಹಸಿರು ಮೇವಿನ ವಿಷಯ ಮಾತನಾಡಿದ್ದೆ. ಮಾತು ಮುಗಿದು ಚಹಾ ಕುಡಿಯುವಾಗ ಮೂವರು ಬೇರೆ ಬೇರೆಯಾಗಿ ಬಂದು ಒಂದೇ ಪ್ರಶ್ನೆ ಕೇಳಿದರು. "ಸಾಹೇಬ್ರ, ಸೂಜಿ ಮಾಡಿಸಿ ಮಾಡಿಸಿ ಸಾಕಾಗೇತ್ರಿ. ಹೋಮಿಯೋಪಥಿ ಹನಿ ಹಾಕಿದ್ರ ಕೆಚ್ಚಲ ಬಾವು ಬೇರ ಸಹಿತ ಹೋಗ್ತದಂತ, ಖರೇ ಏನ್ರಿ?" ನಿಂತ ನಿಲುವಿನಲ್ಲಿ ಹೌದು ಅಥವಾ ಅಲ್ಲ ಎಂದು ಹೇಳಿ ಮುಗಿಸುವ ಪ್ರಶ್ನೆ ಇದಲ್ಲ. ಆದ್ದರಿಂದ ಇಂದಿನ ಸಭೆಗೆ ಇದನ್ನೇ ವಿಷಯವಾಗಿ ಇಟ್ಟುಕೊಂಡು ಬಂದಿದ್ದೇನೆ. ಬೇಸರವಾದರೂ ಕೊನೆಯವರೆಗೆ ಕೇಳಬೇಕು.

ಮೊದಲು ರೋಗದ ಮಾತು. ಹೊಸದಾಗಿ ಬಂದ ಕೆಚ್ಚಲು ಬಾವು ಯಾರಿಗಾದರೂ ಗೊತ್ತಾಗುತ್ತದೆ. ಕೆಚ್ಚಲು ಬಿಸಿಯಾಗುತ್ತದೆ, ಮುಟ್ಟಿದರೆ ಆಕಳು ಒದೆಯುತ್ತದೆ, ಹಾಲಿನಲ್ಲಿ ಗಡ್ಡೆ ಗಡ್ಡೆ ಬರುತ್ತದೆ. ಹಳೆಯ ಬಾವು ಹಾಗಲ್ಲ. ಅದು ಒಂದು ವಾರ ಕಾಣಿಸಿಕೊಂಡು ಎರಡು ತಿಂಗಳು ಅಡಗಿರುತ್ತದೆ, ಮತ್ತೆ ಬರುತ್ತದೆ. ನಡುವಿನ ದಿನಗಳಲ್ಲಿ ಹಾಲು ಬಿಳಿಯಾಗಿಯೇ ಇರುತ್ತದೆ, ಆಕಳು ಮೇಯುತ್ತದೆ, ಮೆಲುಕು ಹಾಕುತ್ತದೆ. ಮನೆಯವರು ವಾಸಿಯಾಯಿತೆಂದು ತಿಳಿಯುತ್ತಾರೆ. ವಾಸಿಯಾಗಿರುವುದಿಲ್ಲ.

ಇದನ್ನು ಕಂಡುಹಿಡಿಯಲು ದೊಡ್ಡ ಯಂತ್ರ ಬೇಡ. ನಿಮ್ಮ ಸಂಘದ ಪಾಸ್ ಪುಸ್ತಕ ತೆಗೆದು ನೋಡಿ. ಫ್ಯಾಟ್ ಅಷ್ಟಾಗಿ ಬದಲಾಗದಿದ್ದರೂ ಎಸ್ಎನ್ಎಫ್ 8.5ರಿಂದ 8.2ಕ್ಕೆ, ಅಲ್ಲಿಂದ 8ಕ್ಕೆ ಇಳಿಯುತ್ತ ಬಂದಿದ್ದರೆ, ಹಾಲು ದಿನಕ್ಕೆ ಒಂದೆರಡು ಲೀಟರ್ ಕಡಿಮೆಯಾಗಿದ್ದರೆ, ಕೆಚ್ಚಲನ್ನು ಪರೀಕ್ಷಿಸಬೇಕು. ಮೇವು ಬದಲಾದರೂ, ಬಿಸಿಲು ಹೆಚ್ಚಾದರೂ ಎಸ್ಎನ್ಎಫ್ ಇಳಿಯುವುದುಂಟು. ಆದರೆ ನಮ್ಮ ಜನ ಎಸ್ಎನ್ಎಫ್ ಇಳಿದ ಕೂಡಲೇ ಕಾರ್ಯದರ್ಶಿಯ ಮೇಲೆ, ಯಂತ್ರದ ಮೇಲೆ ಸಂಶಯಪಡುತ್ತಾರೆಯೇ ಹೊರತು ಕೆಚ್ಚಲಿನ ಮೇಲೆ ಸಂಶಯಪಡುವುದಿಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಅರ್ಧ ಲೀಟರ್ ನೀರಿಗೆ ಆರು ಸಣ್ಣ ಚಮಚ ಬಟ್ಟೆ ಒಗೆಯುವ ಸೋಪಿನ ಪುಡಿ ಕಲಸಿ. ನಾಲ್ಕು ಮೊಲೆಗಳ ಹಾಲನ್ನು ನಾಲ್ಕು ಬೇರೆ ಬೇರೆ ಬಟ್ಟಲಿಗೆ ಸ್ವಲ್ಪ ಸ್ವಲ್ಪ ಹಿಂಡಿ, ಅಷ್ಟೇ ಪ್ರಮಾಣದ ಸೋಪಿನ ನೀರು ಸೇರಿಸಿ, ಒಂದು ನಿಮಿಷ ತಿರುಗಿಸಿ. ಒಳ್ಳೆಯ ಹಾಲು ನೀರಿನ ಹಾಗೆಯೇ ಓಡಾಡುತ್ತದೆ. ರೋಗವಿರುವ ಮೊಲೆಯ ಹಾಲು ಲೋಳೆಯ ಹಾಗೆ ದಪ್ಪವಾಗಿ ಬಟ್ಟಲಿಗೆ ಅಂಟಿಕೊಳ್ಳುತ್ತದೆ. ಬಾವಿದ್ದಾಗ ಹಾಲಿನಲ್ಲಿ ಹೆಚ್ಚಾಗುವ ಬಿಳಿ ರಕ್ತಕಣಗಳೇ ಹೀಗೆ ಲೋಳೆಗಟ್ಟುವುದು. ಪರೀಕ್ಷೆ ಮಾಡಿದ ಹಾಲನ್ನು ನಾಯಿಗೂ ಹಾಕಬೇಡಿ, ಗುಂಡಿಗೆ ಚೆಲ್ಲಿ.

ಈಗ ಹನಿಯ ವಿಷಯ. ಹೋಮಿಯೋಪಥಿ ನಮ್ಮ ಹಳ್ಳಿಯ ಮದ್ದು ಎಂದು ತಿಳಿದವರು ಇಲ್ಲಿ ಬಹಳ ಜನ ಇದ್ದೀರಿ. ಅದು ನಮ್ಮದಲ್ಲ, ಗಿಡಮೂಲಿಕೆಯ ಪದ್ಧತಿಯೂ ಅಲ್ಲ. ಜರ್ಮನಿ ದೇಶದ ಹಾನೆಮಾನ್ ಎಂಬ ವೈದ್ಯರು 1796ರಲ್ಲಿ ಅದರ ಮೂಲ ವಿಚಾರವನ್ನು ಮುಂದಿಟ್ಟರು. ಆರೋಗ್ಯವಂತನಲ್ಲಿ ಯಾವ ಲಕ್ಷಣ ಹುಟ್ಟಿಸುತ್ತದೋ ಆ ವಸ್ತುವನ್ನೇ ಅತ್ಯಲ್ಪವಾಗಿ ಕೊಟ್ಟರೆ ಅಂಥದೇ ಲಕ್ಷಣದ ರೋಗ ಹೋಗುತ್ತದೆ ಎಂಬುದು ಆ ವಿಚಾರ. ಆಗಿನ ವೈದ್ಯರು ರೋಗಿಯ ರಕ್ತ ಹರಿಸಿ, ಪಾದರಸ ಕುಡಿಸಿ ಚಿಕಿತ್ಸೆ ಮಾಡುತ್ತಿದ್ದರು. ಅದಕ್ಕೆ ಹೋಲಿಸಿದರೆ ಹಾನೆಮಾನರ ಹನಿ ಎಷ್ಟೋ ಪಾಲು ಉತ್ತಮವಾಗಿತ್ತು, ಅದರಿಂದ ಯಾರೂ ಸಾಯುತ್ತಿರಲಿಲ್ಲ.

ಆದರೆ ಆ ಅತ್ಯಲ್ಪ ಎಂಬುದು ಎಷ್ಟು ಅಲ್ಪ? ಶೀಶೆಯ ಮೇಲೆ 30 ಎಂದು ಬರೆದಿರುವುದನ್ನು ನೀವು ನೋಡಿದ್ದೀರಿ. ಒಂದು ಪಾಲು ಔಷಧಕ್ಕೆ ತೊಂಬತ್ತೊಂಬತ್ತು ಪಾಲು ದ್ರವ ಸೇರಿಸಿ ಕುಲುಕುವುದು, ಅದರಲ್ಲಿ ಒಂದು ಪಾಲು ತೆಗೆದು ಮತ್ತೆ ತೊಂಬತ್ತೊಂಬತ್ತು ಪಾಲಿಗೆ ಸೇರಿಸುವುದು, ಹೀಗೆ ಮೂವತ್ತು ಸಲ. ನಮ್ಮ ಆಲಮಟ್ಟಿ ಜಲಾಶಯ ಭರ್ತಿಯಾದಾಗ 123 ಟಿಎಂಸಿ ನೀರು ನಿಲ್ಲುತ್ತದೆ. ಅಷ್ಟೂ ನೀರಿಗೆ ಒಂದೇ ಒಂದು ಹನಿ ಔಷಧ ಬಿಟ್ಟು ಕಲಕಿದಿರೆನ್ನಿ. ಅದು ಎಂಟು ಒಂಬತ್ತನೆಯ ಸಲದ ತೆಳುವಿಗೆ ಬಂತು. ಮೂವತ್ತಕ್ಕೆ ಇನ್ನೂ ಇಪ್ಪತ್ತೊಂದು ಸಲ ಬಾಕಿ. ಹನ್ನೆರಡನೆಯ ಸಲ ದಾಟಿದ ಮೇಲೆ ಮೂಲ ಔಷಧದ ಒಂದು ಅಣುವೂ ಶೀಶೆಯಲ್ಲಿ ಉಳಿದಿರುವ ಸಂಭವ ಇಲ್ಲವೆಂದು ರಸಾಯನಶಾಸ್ತ್ರದ ಲೆಕ್ಕ ಹೇಳುತ್ತದೆ.

ಲೆಕ್ಕ ಬಿಡಿ ಸಾಹೇಬ್ರ, ಗುಣ ಬಂತೋ ಇಲ್ಲವೋ ಹೇಳಿ ಎನ್ನುತ್ತೀರಿ. ಅದನ್ನೂ ಪರೀಕ್ಷಿಸಿದ್ದಾರೆ. ನಾರ್ವೆ ದೇಶದಲ್ಲಿ ಕೆಚ್ಚಲು ಬಾವು ಬಂದ 57 ಆಕಳುಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಹೋಮಿಯೋಪಥಿ, ಒಂದಕ್ಕೆ ಆಂಟಿಬಯಾಟಿಕ್, ಇನ್ನೊಂದಕ್ಕೆ ಔಷಧದ ಹಾಗೆ ಕಾಣುವ ಬರಿದಾದ ಪದಾರ್ಥ ಕೊಟ್ಟು ನೋಡಿದರು. ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಬರಿದಾದ ಪದಾರ್ಥಕ್ಕಿಂತ ಹನಿ ಹೆಚ್ಚು ಗುಣ ಮಾಡಿತೆಂಬುದಕ್ಕೆ ಆಧಾರ ಸಿಗಲಿಲ್ಲ. ಜರ್ಮನಿಯ ಕಾಸೆಲ್ ವಿಶ್ವವಿದ್ಯಾಲಯದವರು ಸಾಕುಪ್ರಾಣಿಗಳ ಮೇಲೆ 1981ರಿಂದ 2014ರವರೆಗೆ ನಡೆದ 52 ಹೋಮಿಯೋಪಥಿ ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ವರದಿ ಮಾಡಿದರು. 28ರಲ್ಲಿ ಅನುಕೂಲ ಕಂಡಿತ್ತು, 22ರಲ್ಲಿ ಏನೂ ಕಂಡಿರಲಿಲ್ಲ. ಅನುಕೂಲ ಕಂಡ ಯಾವ ಪ್ರಯೋಗವೂ ಅಂಥದೇ ಸ್ಥಿತಿಯಲ್ಲಿ ಇನ್ನೊಮ್ಮೆ ನಡೆದು ಗಟ್ಟಿಯಾಗಿರಲಿಲ್ಲ. ಆದ್ದರಿಂದ ಇದನ್ನು ನೆಚ್ಚಿಕೊಂಡು ಆಂಟಿಬಯಾಟಿಕ್ ಬಿಡಬಹುದೆಂದು ಹೇಳಲು ಅವರಿಗೆ ಸಾಧ್ಯವಾಗಲಿಲ್ಲ.

ಹಾಗಾದರೆ ನಿಮ್ಮ ಪಕ್ಕದ ಮನೆಯವರ ಆಕಳಿಗೆ ಗುಣವಾದದ್ದು ಸುಳ್ಳೇ? ಸುಳ್ಳಲ್ಲ. ಇಲ್ಲೇ ತಿಳಿದುಕೊಳ್ಳಬೇಕಾದ ಸೂಕ್ಷ್ಮವಿದೆ. ಹಳೆಯ ರೋಗ ಏರುತ್ತದೆ, ಇಳಿಯುತ್ತದೆ. ನಾವು ಹೊಸ ಮದ್ದು ಹುಡುಕಿಕೊಂಡು ಹೋಗುವುದು ಯಾವಾಗ? ರೋಗ ಅತಿ ಏರಿದಾಗ. ಏರಿದ್ದು ತಾನಾಗಿಯೇ ಇಳಿಯುವ ಹೊತ್ತಿಗೆ ನಮ್ಮ ಕೈಯಲ್ಲಿ ಯಾವ ಶೀಶೆ ಇರುತ್ತದೋ ಅದಕ್ಕೆ ಹೆಸರು ಬರುತ್ತದೆ. ಹನಿಗೂ ಹಾಗೆಯೇ, ದೃಷ್ಟಿ ತೆಗೆದದ್ದಕ್ಕೂ ಹಾಗೆಯೇ. ನಿಜ ಹೇಳಬೇಕೆಂದರೆ ನಮ್ಮ ಎಷ್ಟೋ ಸೂಜಿಗಳಿಗೂ ಹಾಗೆಯೇ ಹೆಸರು ಬಂದಿದೆ.

ಈ ಭಾಗದ ಒಂದು ಹಳ್ಳಿಯಲ್ಲಿ ದಿನಕ್ಕೆ ಹದಿನಾರು ಲೀಟರ್ ಕೊಡುವ ಎಚ್ಎಫ್ ಮಿಶ್ರತಳಿಯ ಆಕಳಿತ್ತು. ಮುಂದಿನ ಎಡ ಮೊಲೆಯಲ್ಲಿ ಗಡ್ಡೆ ಬಂತು. ಯಾರೋ ಹೇಳಿದರೆಂದು ಹನಿ ಹಾಕಿದರು, ನಾಲ್ಕು ದಿನದಲ್ಲಿ ಇಳಿಯಿತು. ಎರಡು ತಿಂಗಳಿಗೆ ಮತ್ತೆ ಬಂತು, ಮತ್ತೆ ಹನಿ, ಮತ್ತೆ ಇಳಿಯಿತು. ಮೂರನೆಯ ಸಲವೂ ಹಾಗೆಯೇ. ಆ ಮನೆಯವರು ಊರಿಗೆಲ್ಲ ಹನಿಯ ಗುಣಗಾನ ಮಾಡಿದ್ದರು. ನಾಲ್ಕನೆಯ ಸಲ ಇಳಿಯಲಿಲ್ಲ. ನನಗೆ ಹೇಳಿ ಕಳಿಸಿದಾಗ ಹನ್ನೊಂದು ದಿನವಾಗಿತ್ತು. ಕೆಚ್ಚಲಿನ ಆ ಭಾಗ ಕಲ್ಲಿನಂತಾಗಿತ್ತು, ಹಿಂಡಿದರೆ ಹಳದಿ ನೀರು. ನಾನು ಮಾಡಬಹುದಾದದ್ದು ಏನೂ ಉಳಿದಿರಲಿಲ್ಲ. ಪಾಸ್ ಪುಸ್ತಕ ತರಿಸಿ ನೋಡಿದೆ. ಆರು ತಿಂಗಳಲ್ಲಿ ಹದಿನಾರು ಲೀಟರ್ ಹನ್ನೊಂದಕ್ಕೆ ಬಂದಿತ್ತು. ಅವರು ಗುಣವಾಯಿತೆಂದು ಹೇಳುತ್ತಿದ್ದ ಪ್ರತಿ ಸಲವೂ ಹಾಲು ಮೊದಲಿನ ಮಟ್ಟಕ್ಕೆ ಏರಿರಲೇ ಇಲ್ಲ. ಹನಿ ಆ ಆಕಳಿಗೆ ವಿಷವಾಗಲಿಲ್ಲ. ಆದರೆ ಆರು ತಿಂಗಳು ಸುಮ್ಮನೆ ಹೋಯಿತು.

ಇಷ್ಟು ಹೇಳಿ ನಾನು ಕುಳಿತರೆ, ದನದ ಡಾಕ್ಟರು ತಮ್ಮ ಸೂಜಿಯ ಪ್ರಚಾರ ಮಾಡಿ ಹೋದರು ಎನ್ನುತ್ತೀರಿ. ಆದ್ದರಿಂದ ನನ್ನ ಕೈಯಿಂದಾದ ತಪ್ಪನ್ನೂ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ತಾಯಿಯ ಆಕಳಿಗೆ ಒಂದೇ ಸೂಲಿನಲ್ಲಿ ಮೂರು ಸಲ, ಸಲಕ್ಕೆ ಐದು ದಿನದಂತೆ, ಆಂಟಿಬಯಾಟಿಕ್ ಚುಚ್ಚಿದೆ. ಒಮ್ಮೆಯೂ ಹಾಲಿನ ಮಾದರಿ ಪರೀಕ್ಷೆಗೆ ಕಳಿಸಲಿಲ್ಲ. ಪ್ರತಿ ಸಲವೂ ಇಳಿಯಿತು, ಪ್ರತಿ ಸಲವೂ ಬಂತು. ಔಷಧದ ಖರ್ಚು ಹಾಲಿನ ಬಟವಾಡೆಯನ್ನು ಮೀರಿತು. ಚಿಕಿತ್ಸೆಯ ದಿನಗಳ ಹಾಲನ್ನು ಸಂಘಕ್ಕೆ ಹಾಕಬೇಡಿ ಎಂದಾಗ ಆ ತಾಯಿ, "ಹಾಲ ಹಾಕಬ್ಯಾಡ ಅಂತೀರಿ, ಮನ್ಯಾಗ ಸಂತಿ ಏನರಲೆ ಮಾಡ್ಲಿ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಪೂರ್ತಿ ಇಲ್ಲ.

ಸೂಜಿ ಏಕೆ ಸೋತಿತು? ಹಳೆಯ ಬಾವಿನಲ್ಲಿ ಬಹಳ ಸಲ ಸಿಗುವುದು ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ರೋಗಾಣು. ಅದು ಕೆಚ್ಚಲಿನ ಒಳಗೆ ಸಣ್ಣ ಸಣ್ಣ ಕೀವುಗಂಟು ಕಟ್ಟಿಕೊಂಡು, ಜೀವಕೋಶಗಳ ಒಳಗೂ ಅಡಗಿ ಕೂರುತ್ತದೆ. ಔಷಧ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಹಾಲು ಕೊಡುವ ದಿನಗಳಲ್ಲಿ ಮತ್ತೆ ಮತ್ತೆ ಚುಚ್ಚುವುದಕ್ಕಿಂತ, ಗಬ್ಬದ ಕೊನೆಯ ಎರಡು ತಿಂಗಳಿಗೆ ಹಾಲು ಬತ್ತಿಸುವಾಗ ನಾಲ್ಕೂ ಮೊಲೆಗಳಿಗೆ ಆ ಹೊತ್ತಿಗೆಂದೇ ತಯಾರಿಸಿದ ಟ್ಯೂಬು ಏರಿಸಿದರೆ ಗುಣವಾಗುವ ಸಂಭವ ಹೆಚ್ಚು. ಔಷಧ ವಾರಗಟ್ಟಲೆ ಒಳಗೇ ನಿಲ್ಲುತ್ತದೆ, ಹಾಲು ಚೆಲ್ಲುವ ನಷ್ಟವೂ ಇಲ್ಲ. ಆಗ ನನಗೆ ಇದು ಪುಸ್ತಕದಲ್ಲಿ ಗೊತ್ತಿತ್ತು, ಕೈಗೆ ಬಂದಿರಲಿಲ್ಲ. ಟ್ಯೂಬನ್ನು ಮಾತ್ರ ನೀವೇ ಏರಿಸಲು ಹೋಗಬೇಡಿ. ಮೊಲೆಯ ತುದಿಯನ್ನು ಸ್ಪಿರಿಟ್ಟಿನಿಂದ ಒರೆಸದೆ ಏರಿಸಿದರೆ ಹೊರಗಿನ ರೋಗಾಣುವನ್ನು ನಾವೇ ಒಳಗೆ ತಳ್ಳಿದಂತೆ.

ಇನ್ನು ಲೇಪ. ಇದನ್ನು ಹನಿಯೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಬಾರದು. ಇದರಲ್ಲಿ ಕಣ್ಣಿಗೆ ಕಾಣುವ, ಕೈಗೆ ಸಿಗುವ ಪದಾರ್ಥವಿದೆ. ತಂಜಾವೂರಿನ ಪಶುವೈದ್ಯ ಪ್ರಾಧ್ಯಾಪಕರಾಗಿದ್ದ ಪುಣ್ಯಮೂರ್ತಿಯವರು ರೈತರ ಮನೆಮದ್ದುಗಳನ್ನು ಸಂಗ್ರಹಿಸಿ ಪ್ರಮಾಣ ನಿಗದಿ ಮಾಡಿದರು. ಬೆಂಗಳೂರಿನಲ್ಲಿ ಗಿಡಮೂಲಿಕೆ ಸಂಪ್ರದಾಯದ ಅಧ್ಯಯನ ನಡೆಸುವ ಟಿಡಿಯು ವಿಶ್ವವಿದ್ಯಾಲಯದವರು ಈ ಕೆಲಸದಲ್ಲಿ ಜೊತೆಗೂಡಿದರು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೂ ಇದನ್ನು ಹಾಲು ಒಕ್ಕೂಟಗಳಲ್ಲಿ ಪ್ರಚಾರ ಮಾಡುತ್ತಿದೆ. ಕೆಚ್ಚಲು ಬಾವಿನ ಲೇಪ ಹೀಗಿದೆ, ಬರೆದುಕೊಳ್ಳುವವರು ಬರೆದುಕೊಳ್ಳಿ.

ಲೋಳೆಸರ 250 ಗ್ರಾಂ, ಮುಳ್ಳು ತೆಗೆದು, ಸಿಪ್ಪೆ ಸಹಿತ. ಅರಿಷಿಣ ಪುಡಿ 50 ಗ್ರಾಂ. ಎಲೆ ಅಡಿಕೆಗೆ ಹಾಕಿಕೊಳ್ಳುವ ಸುಣ್ಣ 15 ಗ್ರಾಂ. ಮೂರನ್ನೂ ನುಣ್ಣಗೆ ರುಬ್ಬಿದರೆ ಕೆಂಪು ಬಣ್ಣಕ್ಕೆ ತಿರುಗುತ್ತದೆ. ಮೊದಲು ಕೆಚ್ಚಲು ತೊಳೆದು ಹಾಲು ಪೂರ್ತಿ ಹಿಂಡಿ ತೆಗೆಯಬೇಕು. ಒಂದು ಹಿಡಿ ಲೇಪಕ್ಕೆ 150ರಿಂದ 200 ಮಿಲಿ ನೀರು ಸೇರಿಸಿ ತೆಳುವಾಗಿಸಿ, ಬಾವು ಬಂದ ಭಾಗಕ್ಕೆ ಮಾತ್ರವಲ್ಲ, ಇಡೀ ಕೆಚ್ಚಲಿಗೆ ಹಚ್ಚಬೇಕು. ದಿನಕ್ಕೆ ಹತ್ತು ಸಲ, ಐದು ದಿನ. ಪ್ರತಿದಿನ ಹೊಸದಾಗಿ ರುಬ್ಬಿಕೊಳ್ಳಬೇಕು. ಇದರೊಂದಿಗೆ ದಿನಕ್ಕೆ ಎರಡು ನಿಂಬೆಹಣ್ಣು ಹೋಳು ಮಾಡಿ ಮೂರು ದಿನ ತಿನ್ನಿಸಬೇಕು. ಹಾಲಿನಲ್ಲಿ ರಕ್ತ ಬರುತ್ತಿದ್ದರೆ ಎರಡು ಹಿಡಿ ಕರಿಬೇವನ್ನು ಬೆಲ್ಲದೊಂದಿಗೆ ರುಬ್ಬಿ ದಿನಕ್ಕೆರಡು ಸಲ ಕೊಡುವುದು. ಸುಣ್ಣ ಅಂದಾಜಿನ ಮೇಲೆ ಹೆಚ್ಚು ಹಾಕಿದರೆ ಮೊಲೆಯ ಚರ್ಮ ಸುಡುತ್ತದೆ, ತೂಕ ಮಾಡಿಯೇ ಹಾಕಿ.

ಬಾವಿನ ಆರಂಭದಲ್ಲಿ, ಹಾಗೂ ಸೋಪಿನ ನೀರಿನ ಪರೀಕ್ಷೆಯಲ್ಲಿ ಮಾತ್ರ ಕಾಣುವ ಒಳಬಾವಿನಲ್ಲಿ, ಇದರಿಂದ ಉಪಯೋಗವಾದದ್ದನ್ನು ನಾನು ಕಂಡಿದ್ದೇನೆ. ಅದರಲ್ಲಿ ಅರ್ಧ ಹೆಸರು ಲೋಳೆಸರಕ್ಕೆ ಸೇರಿದರೆ ಇನ್ನರ್ಧ ದಿನಕ್ಕೆ ಹತ್ತು ಸಲ ಕೆಚ್ಚಲು ತೊಳೆದು ಬರಿದು ಮಾಡುವ ಕೈಗೆ ಸೇರಬೇಕೆಂಬುದು ನನ್ನ ಅಭಿಪ್ರಾಯ. ಎರಡು ಸಲ ಹಚ್ಚಿ ಗುಣವಾಗಲಿಲ್ಲ ಎನ್ನುವವರಿಗೆ ನಾನು ಏನೂ ಹೇಳಲಾರೆ. ಆದರೆ ಆಕಳು ಮೇವು ಬಿಟ್ಟಿದ್ದರೆ, ಜ್ವರ 103 ಡಿಗ್ರಿ ದಾಟಿದ್ದರೆ, ಹಾಲು ನೀರಾಗಿದ್ದರೆ, ಕೆಚ್ಚಲು ತಣ್ಣಗಾಗಿ ನೀಲಿಗಟ್ಟುತ್ತಿದ್ದರೆ ಲೇಪ ರುಬ್ಬುತ್ತ ಕೂರುವ ಹೊತ್ತಲ್ಲ. ಅಂದೇ, ಆ ಗಳಿಗೆಯೇ ವೈದ್ಯರನ್ನು ಕರೆಯಬೇಕು. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸೌಲಭ್ಯವೂ ಇದೆ. ಆಕಳು ಮೇಯುತ್ತಿದ್ದು ಬರಿಯ ಗಡ್ಡೆ ಮಾತ್ರ ಇದ್ದರೆ ಎರಡು ದಿನ ಲೇಪ ಮಾಡಿ ನೋಡಿ. ಶುರು ಮಾಡುವ ಮೊದಲೇ ಆ ಮೊಲೆಯ ಹಾಲಿನ ಮಾದರಿಯನ್ನು ಶುಚಿಯಾದ ಶೀಶೆಯಲ್ಲಿ ನಮಗೆ ತಲುಪಿಸಿ. ಮೂರನೆಯ ದಿನ ಗಡ್ಡೆ ಉಳಿದಿದ್ದರೆ ಯಾವ ರೋಗಾಣುವಿಗೆ ಯಾವ ಔಷಧವೆಂದು ನೋಡಿ ಚಿಕಿತ್ಸೆ ಮಾಡಲು ಬರುತ್ತದೆ. ಆಗ ಚುಚ್ಚುವ ಸೂಜಿಗೆ ಒಂದು ಅರ್ಥವಿರುತ್ತದೆ. ಸೂಜಿ ಮಾಡಿಸಿದ ಮೇಲೆ ಶೀಶೆಯ ಮೇಲೆ ಬರೆದ ಅವಧಿ ಮುಗಿಯುವವರೆಗೆ ಹಾಲನ್ನು ಸಂಘಕ್ಕೂ ಹಾಕಬಾರದು, ಮಕ್ಕಳಿಗೂ ಕೊಡಬಾರದು.

ಹಳ್ಳಿಯ ಮದ್ದೆಲ್ಲ ಒಳ್ಳೆಯದೆಂದು ನಾನು ಹೇಳಿದೆನೆಂದು ದಯವಿಟ್ಟು ಊರಲ್ಲಿ ಸಾರಬೇಡಿ. ಕುಂಟುವ ಎತ್ತಿನ ಹೆಗಲಿಗೆ, ತೊಡೆಗೆ ಬರೆ ಹಾಕುವುದೂ ಹಳ್ಳಿಯದೇ. ಅದರಿಂದ ಸುಟ್ಟ ಗಾಯ, ಹುಳು, ನೋವು ಬಿಟ್ಟು ಬೇರೇನೂ ಬರುವುದಿಲ್ಲ.

ತಿರುಗಿ ತಿರುಗಿ ಬೆದೆಗೆ ಬಂದು ಗಬ್ಬ ನಿಲ್ಲದ ಆಕಳುಗಳ ಬಗ್ಗೆಯೂ ಕೇಳಿದ್ದೀರಿ. ಮೂಲಂಗಿ, ಲೋಳೆಸರ, ನುಗ್ಗೆ ಸೊಪ್ಪು, ಮಂಗರವಳ್ಳಿ, ಕೊನೆಗೆ ಅರಿಷಿಣದೊಂದಿಗೆ ಕರಿಬೇವು, ಹೀಗೆ ಒಂದರ ನಂತರ ಒಂದನ್ನು ಬೆದೆಯ ಮೊದಲ ಅಥವಾ ಎರಡನೆಯ ದಿನದಿಂದ ಬೆಲ್ಲ ಉಪ್ಪಿನೊಂದಿಗೆ ತಿನ್ನಿಸುವ ಕ್ರಮವೂ ಅದೇ ಪುಣ್ಯಮೂರ್ತಿಯವರ ಪಟ್ಟಿಯಲ್ಲಿದೆ. ಬೇಕಾದವರಿಗೆ ಬರೆದು ಕೊಡುತ್ತೇನೆ. ಅದಕ್ಕಿಂತ ಮೊದಲು ಗೋದಲಿ ನೋಡಿ. ಏತ ನೀರಾವರಿಯ ನೀರು ಬಂದ ಕಡೆ ಕಬ್ಬು ಬಂತು, ಕಬ್ಬಿನ ಜೊತೆ ವಾಡಿ ಬಂತು. ಜೋಳದ ಕಣಿಕೆ ಬಿಟ್ಟು ಬರಿ ವಾಡಿ ಹಾಕುವ ಮನೆಗಳು ಹೆಚ್ಚಿವೆ. ವಾಡಿಯಲ್ಲಿರುವ ಆಕ್ಸಲೇಟ್ ಎಂಬ ಅಂಶ ಮೇವಿನ ಸುಣ್ಣದ ಸತ್ವವನ್ನು ಹಿಡಿದಿಟ್ಟುಕೊಳ್ಳುತ್ತದೆ, ದನಕ್ಕೆ ದಕ್ಕಗೊಡುವುದಿಲ್ಲ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, ಜೊತೆಗೆ ಕಣಿಕೆ, ತೊಗರಿ ಹೊಟ್ಟು ಕೊಡದೆ ಯಾವ ಸೊಪ್ಪು ತಿನ್ನಿಸಿ ಏನು ಪ್ರಯೋಜನ?

ಒಂದು ರೋಗಕ್ಕೆ ಮಾತ್ರ ಹನಿ, ಸೊಪ್ಪು, ಸೂಜಿ ಮೂರೂ ಬೇಡ. ಐದು ತಿಂಗಳು ದಾಟಿದ ಮೇಲೆ ಕಂದು ಹಾಕುವ ಆಕಳಿದ್ದರೆ ಬ್ರುಸೆಲ್ಲೋಸಿಸ್ ಇರಬಹುದೆಂದು ತಿಳಿಯಿರಿ. ಅದು ದನದಿಂದ ಮನುಷ್ಯರಿಗೆ ಬರುವ ರೋಗ. ಕಸ ಬೀಳದಿದ್ದರೆ ಬರಿಗೈ ಹಾಕಿ ಎಳೆಯುವವರು ನಮ್ಮ ತಾಯಂದಿರೇ. ಆಮೇಲೆ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರ, ಕೀಲು ನೋವು. ಆ ಕೀಲು ನೋವಿಗೆ ಮತ್ತೆ ಹನಿ ಹುಡುಕುತ್ತೇವೆ! ಬರಿಗೈಯಲ್ಲಿ ಮುಟ್ಟಬೇಡಿ, ಕಂದನ್ನೂ ಕಸವನ್ನೂ ಸುಣ್ಣ ಹಾಕಿ ಆಳಕ್ಕೆ ಹೂಳಿ, ಹಾಲು ಕಾಯಿಸದೆ ಕುಡಿಯಬೇಡಿ, ರಕ್ತ ಪರೀಕ್ಷೆ ಮಾಡಿಸಿ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಜೀವನದಲ್ಲಿ ಒಂದೇ ಸಲ ಹಾಕುವ ಲಸಿಕೆಯಿದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಅದು ಸೇರಿದೆ. ಲಸಿಕೆಯವರು ಬಂದಾಗ ಕರುವನ್ನು ಹೊಲಕ್ಕೆ ಅಟ್ಟಬೇಡಿ.

ಮಾತು ಮತ್ತೆ ಕೆಚ್ಚಲಿಗೆ. ಹೆಬ್ಬೆರಳು ಮಡಚಿ ಹಿಂಡುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಮೊಲೆಯ ಒಳಪದರ ಜಜ್ಜಿ ಗಾಯವಾಗುತ್ತದೆ. ಪೂರ್ತಿ ಮುಷ್ಟಿಯಲ್ಲಿ ಹಿಂಡಿ. ಹಿಂಡಿದ ಕೂಡಲೇ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಗೋದಲಿಗೆ ಮೇವು ಹಾಕಿ. ಮೇವಿದ್ದರೆ ಆಕಳು ಅರ್ಧ ಗಂಟೆ ನಿಂತಿರುತ್ತದೆ, ಅಷ್ಟರಲ್ಲಿ ಮೊಲೆಯ ತೂತು ಮುಚ್ಚಿಕೊಳ್ಳುತ್ತದೆ. ಕರಿ ಮಣ್ಣಿನ ನೆಲ ಮಳೆಗಾಲದಲ್ಲಿ ಕೆಸರಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮಲಗುವ ಜಾಗಕ್ಕಾದರೂ ಗರಸು ಹಾಕಿಸಿ. ರೋಗದ ಮೊಲೆಯ ಹಾಲನ್ನು ನೆಲಕ್ಕೆ ಹಿಂಡಬೇಡಿ. ರೋಗದ ಆಕಳನ್ನು ಕೊನೆಗೆ ಹಿಂಡಿ.

ಸಭೆಯಲ್ಲಿ ಕೇಳಿದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದೆ.

ಒಬ್ಬ ಹಿರಿಯರು, "ನನ್ನ ಮೊಣಕಾಲಿಗೆ ಹನಿ ತಗೊಳಾಕತ್ತೀನಿ, ಬಿಡ್ಲೇನ್ರಿ?" ಎಂದರು. ನಾನು ದನದ ವೈದ್ಯ, ಎರಡು ಕಾಲಿನವರ ವಿಷಯಕ್ಕೆ ನಿಮ್ಮ ವೈದ್ಯರನ್ನೇ ಕೇಳಬೇಕು ಎಂದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಗುಳಿಗೆಗಳನ್ನು ಮಾತ್ರ ಯಾರದೋ ಮಾತು ಕೇಳಿ ನಿಲ್ಲಿಸಬೇಡಿ ಎಂದೂ ಹೇಳಿದೆ.

ಹಿಂದಿನ ಸಾಲಿನ ತಾಯಿಯೊಬ್ಬರು, ಈ ಸೂಲಿನಲ್ಲಿ ಬತ್ತಿದ ಮೊಲೆಗೆ ಮುಂದಿನ ಸೂಲಿನಲ್ಲಿ ಹಾಲು ಬರುತ್ತದೆಯೇ ಎಂದು ಕೇಳಿದರು. ಕೆಚ್ಚಲಿನ ಆ ಭಾಗವನ್ನು ಹಿಂಡಿದ ಮೇಲೆ ಒತ್ತಿ ನೋಡಿ. ಮೆತ್ತಗಿದ್ದರೆ ಬರುವ ಸಂಭವವಿದೆ, ಹಾಲು ಬತ್ತಿಸುವ ದಿನ ನನಗೆ ಹೇಳಿ ಕಳಿಸಿ, ಟ್ಯೂಬು ತರುತ್ತೇನೆ. ಗಟ್ಟಿ ಗಂಟಿನಂತಿದ್ದರೆ ಹಾಲು ಕಟ್ಟುವ ಭಾಗ ಸತ್ತು ನಾರಾಗಿದೆ, ಅದಕ್ಕೆ ಹಣ ಹಾಕಬೇಡಿ. ಮೂರು ಮೊಲೆಯ ಆಕಳೂ ಚೆನ್ನಾಗಿ ಮೇವು ಹಾಕಿದರೆ ಒಳ್ಳೆಯ ಹಾಲು ಕೊಡುತ್ತದೆ. ಆ ತಾಯಿಯ ಮನೆಗೆ ಸಭೆ ಮುಗಿದ ಮೇಲೆ ಹೋಗಿ ನೋಡಿದೆ. ಮೆತ್ತಗೇ ಇತ್ತು.